‘200 ಓಕೆ’ ಅಂದ್ರೆ ಅಮ್ಮ ಓಕೆ ಅಂತಲ್ಲ: ಮನೆ ಕಾಯುವ ಯಂತ್ರಗಳ ಐವತ್ತು ವರ್ಷ

ಇಯರ್‌ಫೋನ್ ಮರೆತು ಬಸ್ ಹತ್ತಿದವರಿಗೆ, ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ ಇದು ಈ ವಾರದ ಸಂಚಿಕೆಯ ಬರಹ ರೂಪ.

ಇವತ್ತಿನ ವಿಷಯ ಕೇಳೋಕೆ ಸ್ವಲ್ಪ ಟೆಕ್ನಿಕಲ್ ಅನ್ನಿಸಬಹುದು. ಮನೆಯಲ್ಲಿ ಒಬ್ಬರೇ ಇರೋ ಹಿರಿಯರನ್ನು ದೂರದಿಂದ ಗಮನಿಸೋ ವ್ಯವಸ್ಥೆ, ಮತ್ತು ಅದರ ಹಿಂದೆ ಕೂತು ಕೆಲಸ ಮಾಡೋ ವೆಬ್ ಎಪಿಐ. ಆದರೆ ಇದು ನಮ್ಮದೇ ಕಥೆ. ನಮ್ಮಲ್ಲಿ ಎಷ್ಟೋ ಜನ ಬೆಂಗಳೂರಲ್ಲೋ ಪುಣೆಯಲ್ಲೋ ಡಬ್ಲಿನ್‌ನಲ್ಲೋ ಇದ್ದೀವಿ, ಅಪ್ಪ ಅಮ್ಮ ಶಿವಮೊಗ್ಗದಲ್ಲೋ ಬಾಗಲಕೋಟೆಯಲ್ಲೋ ಇದ್ದಾರೆ. ಬೆಳಿಗ್ಗೆ ಫೋನ್ ಮಾಡ್ತೀವಿ, ರಿಂಗ್ ಆಗುತ್ತೆ, ಎತ್ತಲ್ಲ. ಎರಡನೇ ಸಲ ಎತ್ತಲ್ಲ. ಮೂರನೇ ಸಲಕ್ಕೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ದೇವಸ್ಥಾನಕ್ಕೆ ಹೋಗಿರಬಹುದು, ಫೋನ್ ಸೈಲೆಂಟಲ್ಲಿರಬಹುದು, ಬಚ್ಚಲಲ್ಲಿ ಜಾರಿ ಬಿದ್ದಿರಬಹುದು. ಮೂರಕ್ಕೂ ಈ ಕಡೆ ಕೇಳಿಸೋದು ಒಂದೇ ಸದ್ದು.

ಈಗ ಇದಕ್ಕೆ ಆಪ್‌ಗಳು ಬಂದಿವೆ. ಬಾಗಿಲಿಗೆ ಒಂದು ಸೆನ್ಸರ್, ಮಂಚದ ಪಕ್ಕ ಒಂದು, ಕೈಗೊಂದು ವಾಚು. ನಮ್ಮ ಫೋನಿನಲ್ಲಿ ಒಂದು ಹಸಿರು ಚುಕ್ಕೆ. ಹಸಿರು ಇದ್ರೆ ಎಲ್ಲ ಸರಿ ಅಂತ ನಂಬಿ ಕೆಲಸಕ್ಕೆ ಹೋಗ್ತೀವಿ. ಆ ಚುಕ್ಕೆಗೆ ‘ಎಲ್ಲ ಸರಿ’ ಅಂತ ಹೇಳಿದ್ದು ಯಾರು? ಇದನ್ನ ಹುಡುಕ್ತಾ ಹೋದ್ರೆ ಸುಮಾರು ಐವತ್ತು ವರ್ಷದ ಇತಿಹಾಸ ಸಿಗುತ್ತೆ. ಅದರಲ್ಲಿ ಯಂತ್ರಗಳು ಬದಲಾಗಿವೆ, ತಂತಿ ಹೋಗಿ ಇಂಟರ್‌ನೆಟ್ ಬಂದಿದೆ. ಆದರೆ ಪ್ರಶ್ನೆ ಮಾತ್ರ ಒಂದೇ: ಮನೆಯಿಂದ ಸದ್ದೇ ಬರದಿದ್ದಾಗ ಅದನ್ನ ಹೇಗೆ ಅರ್ಥ ಮಾಡಿಕೊಳ್ಳೋದು?

ಯಂತ್ರಕ್ಕೂ ಮೊದಲು

ವಠಾರದಲ್ಲಿ, ಹಳ್ಳಿ ಬೀದಿಯಲ್ಲಿ ಇದಕ್ಕೆ ಒಂದು ಉತ್ತರ ಇತ್ತು, ಈಗಲೂ ಎಷ್ಟೋ ಕಡೆ ಇದೆ. ಬೆಳಿಗ್ಗೆ ಏಳಾದ್ರೂ ಒಂದು ಮನೆ ಮುಂದೆ ನೀರು ಹಾಕಿಲ್ಲ, ರಂಗೋಲಿ ಬಿದ್ದಿಲ್ಲ, ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಇದೆ ಅಂದ್ರೆ ಎದುರು ಮನೆಯವರು ಬಂದು ಬಾಗಿಲು ತಟ್ತಾರೆ. ‘ಏನ್ರೀ, ಹುಷಾರಾಗಿದೀರಾ?’

ಇಲ್ಲಿ ಯಾರೂ ಸಹಾಯಕ್ಕೆ ಕೂಗಿಲ್ಲ. ದಿನಾ ಆಗ್ತಿದ್ದ ಕೆಲಸ ಇವತ್ತು ಆಗಲಿಲ್ಲ, ಅಷ್ಟೇ ಸುದ್ದಿ. ಇನ್ನೊಂದು ವಿಷಯ, ಎದುರು ಮನೆಯವರಿಗೆ ಕಾರಣವೂ ಗೊತ್ತಿರುತ್ತೆ. ‘ಅವರು ನಿನ್ನೆ ಸಂಜೆನೇ ಮಗಳ ಮನೆಗೆ ಹೋದ್ರು’ ಅಂತ ಗೊತ್ತಿದ್ರೆ ಬಾಗಿಲು ತಟ್ಟಲ್ಲ. ಮೌನ ಗಮನಿಸೋದು, ಅದರ ಕಾರಣ ತಿಳಿಯೋದು, ಬಾಗಿಲ ತನಕ ಹೋಗೋದು. ಮುಂದೆ ಬಂದ ಎಲ್ಲ ಯಂತ್ರಗಳನ್ನೂ ನಾನು ಈ ಮೂರು ಕೆಲಸಗಳ ಪಕ್ಕ ಇಟ್ಟು ನೋಡ್ತೀನಿ.

1974: ಫೋನಿಗೆ ಕಟ್ಟಿದ ಗಡಿಯಾರ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆಂಡ್ರ್ಯೂ ಡಿಬ್ನರ್ ಅಂತ ಒಬ್ಬ ಮನಃಶಾಸ್ತ್ರಜ್ಞ. ವಯಸ್ಸಾದವರ ಬದುಕಿನ ಬಗ್ಗೆ ಅಧ್ಯಯನ ಮಾಡ್ತಿದ್ದವರು. 1974ರಲ್ಲಿ ಲೈಫ್‌ಲೈನ್ ಅನ್ನೋ ಕಂಪನಿ ಶುರು ಮಾಡಿದ್ರು. ಕುತ್ತಿಗೆಗೆ ಹಾಕಿಕೊಳ್ಳೋ ಒಂದು ಬಟನ್. ಒತ್ತಿದ್ರೆ ಮನೆಯ ಫೋನಿಗೆ ಜೋಡಿಸಿದ ಪೆಟ್ಟಿಗೆ ತಾನೇ ಡಯಲ್ ಮಾಡುತ್ತೆ.

ಬಟನ್ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಆ ಪೆಟ್ಟಿಗೆಯೊಳಗಿದ್ದ ಟೈಮರ್. ಮನೆಯವರು ಫೋನ್ ಬಳಸಿದಾಗೆಲ್ಲ ಟೈಮರ್ ಮತ್ತೆ ಮೊದಲಿಂದ ಎಣಿಸೋಕೆ ಶುರು ಮಾಡ್ತಿತ್ತು. ನಿಗದಿಯಾದ ಹೊತ್ತಿನೊಳಗೆ ಫೋನೂ ಎತ್ತಲಿಲ್ಲ, ಬಟನ್ನೂ ಒತ್ತಲಿಲ್ಲ ಅಂದ್ರೆ ಪೆಟ್ಟಿಗೆ ತಾನಾಗೇ ಎಚ್ಚರಿಕೆ ಕಳಿಸ್ತಿತ್ತು. ಪ್ರಜ್ಞೆ ತಪ್ಪಿ ಬಿದ್ದವರು ಬಟನ್ ಒತ್ತೋಕಾಗಲ್ಲ ಅನ್ನೋದು ಡಿಬ್ನರ್ ಅವರಿಗೆ ಗೊತ್ತಿತ್ತು.

ಎಚ್ಚರಿಕೆ ಹೋಗಿ ಸೇರ್ತಿದ್ದದ್ದು ಹತ್ತಿರದ ಆಸ್ಪತ್ರೆಗೆ. ಅಲ್ಲಿಂದ ಮೊದಲು ಮನೆಗೆ ಫೋನ್ ಮಾಡೋರು. ಎತ್ತದಿದ್ರೆ, ಮೊದಲೇ ಹೆಸರು ಕೊಟ್ಟಿದ್ದ ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಫೋನ್ ಮಾಡಿ ‘ಹೋಗಿ ನೋಡಿ’ ಅನ್ನೋರು. ಅಂದ್ರೆ ಯಂತ್ರ ಬಂದಮೇಲೂ ಕೊನೆಗೆ ಬಾಗಿಲು ತಟ್ಟೋರು ಎದುರು ಮನೆಯವರೇ.

ಶಿಳ್ಳೆ ಹೊಡೆಯೋ ಭಾಷೆ

ಇಂಥ ಪೆಟ್ಟಿಗೆಗಳು ಹೆಚ್ಚಾದಂತೆ ಇನ್ನೊಂದು ಸಮಸ್ಯೆ ಬಂತು. ಯಾವುದೋ ಕಂಪನಿ ಪೆಟ್ಟಿಗೆ, ಯಾವುದೋ ಕಂಪನಿ ಕಂಟ್ರೋಲ್ ರೂಮ್. ಇಬ್ಬರೂ ಮಾತಾಡೋಕೆ ಒಂದು ಭಾಷೆ ಬೇಕಲ್ವಾ? ಹೀಗೆ ಹುಟ್ಟಿದ ಭಾಷೆಗಳಲ್ಲಿ ಹೆಚ್ಚು ಉಳಿದದ್ದು ಕಾಂಟ್ಯಾಕ್ಟ್ ಐಡಿ. ಅಮೆರಿಕದ ಅಡೆಮ್ಕೋ ಅನ್ನೋ ಅಲಾರಂ ಕಂಪನಿಯದ್ದು. 1999ರಲ್ಲಿ ಅಲ್ಲಿನ ಸೆಕ್ಯುರಿಟಿ ಇಂಡಸ್ಟ್ರಿ ಅಸೋಸಿಯೇಷನ್ ಇದನ್ನ ಎಲ್ಲರೂ ಬಳಸಬಹುದಾದ ಮಾನದಂಡವಾಗಿ ಪ್ರಕಟಿಸಿತು.

ಇದು ಕೆಲಸ ಮಾಡೋ ರೀತಿ ಚೆನ್ನಾಗಿದೆ. ಪೆಟ್ಟಿಗೆ ಫೋನ್ ಮಾಡುತ್ತೆ. ಕಂಟ್ರೋಲ್ ರೂಮಿನ ಯಂತ್ರ ಎತ್ತಿಕೊಂಡು ಎರಡು ಸಣ್ಣ ಶಿಳ್ಳೆ ಹಾಕುತ್ತೆ, ಒಂದು 1400 ಹರ್ಟ್ಸ್, ಇನ್ನೊಂದು 2300 ಹರ್ಟ್ಸ್. ‘ಹೇಳು, ಕೇಳಿಸ್ತಿದೆ’ ಅಂತ ಅರ್ಥ. ಆಗ ಪೆಟ್ಟಿಗೆ ಫೋನಿನ ಕೀಲಿ ಒತ್ತಿದ ಥರ 16 ಅಂಕಿಗಳನ್ನ ಪಟಪಟ ಅಂತ ನುಡಿಸುತ್ತೆ. ಮನೆ ಯಾವುದು, ಏನಾಗಿದೆ, ಯಾವ ಕೋಣೆ, ಎಲ್ಲ ಅದರಲ್ಲಿದೆ. ಕೊನೆಯದು ಲೆಕ್ಕ ಸರಿಯಿದೆಯಾ ಅಂತ ತಾಳೆ ನೋಡೋಕೆ. ತಲುಪಿದ್ರೆ ಕಂಟ್ರೋಲ್ ರೂಮು ಇನ್ನೊಂದು ಶಿಳ್ಳೆ ಹಾಕುತ್ತೆ. ಆ ಶಿಳ್ಳೆ ಬರೋ ತನಕ ಪೆಟ್ಟಿಗೆ ಮತ್ತೆ ಮತ್ತೆ ಹೇಳುತ್ತೆ.

‘ಏನಾಗಿದೆ’ ಅನ್ನೋದಕ್ಕೆ ಮೂರಂಕಿಯ ಕೋಡ್. 100 ಅಂದ್ರೆ ವೈದ್ಯಕೀಯ ತುರ್ತು. 101 ಅಂದ್ರೆ ಕುತ್ತಿಗೆಯ ಬಟನ್ ಒತ್ತಿದ್ದಾರೆ. ಈ ಸಂಚಿಕೆಗಾಗಿ ಆ ಪಟ್ಟಿ ಓದ್ತಿದ್ದಾಗ ನನ್ನ ಕಣ್ಣು ನಿಂತಿದ್ದು 102ರ ಮೇಲೆ. ಅದರ ಅರ್ಥ, ‘ವರದಿ ಮಾಡಬೇಕಿತ್ತು, ಮಾಡಿಲ್ಲ.’ ರಂಗೋಲಿ ಬೀಳದ ಹೊಸ್ತಿಲಿಗೆ ಈ ಭಾಷೆಯಲ್ಲಿ ಒಂದು ನಂಬರ್ ಸಿಕ್ಕಿತ್ತು.

2001: ಸುದ್ದಿ ಕಳಿಸೋ ಬಿಸಿನೀರಿನ ಪಾತ್ರೆ

ಜಪಾನಿಗೆ ಹೋಗೋಣ. 1996ರಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ ಒಬ್ಬ ವೃದ್ಧ ತಾಯಿ, ಕಾಯಿಲೆ ಬಿದ್ದ ಮಗ, ಇಬ್ಬರೂ ಮನೆಯೊಳಗೇ ತೀರಿಹೋಗಿದ್ರು. ಗೊತ್ತಾಗಿದ್ದು ಹೆಚ್ಚುಕಮ್ಮಿ ಒಂದು ತಿಂಗಳ ಮೇಲೆ. ಅಷ್ಟು ದೊಡ್ಡ ಊರಿನ ನಡುವೆ. ಈ ಸಾವು ಜಪಾನನ್ನ ಬಹಳ ಕಲಕಿತು.

ದಿನಬಳಕೆಯ ವಸ್ತುವಿನಿಂದಲೇ ಇಂಥವರ ಸುಳಿವು ತಿಳಿಯೋ ಹಾಗಿದ್ರೆ ಅನ್ನೋ ಯೋಚನೆ ಅಲ್ಲಿಂದ ಹುಟ್ಟಿತು. ಜೊಜಿರುಶಿ ಅನ್ನೋ ಕಂಪನಿ ಬಿಸಿನೀರಿನ ಎಲೆಕ್ಟ್ರಿಕ್ ಪಾಟ್ ಮಾಡ್ತಿತ್ತು. ಜಪಾನಿನ ಹಿರಿಯರು ಬೆಳಿಗ್ಗೆ ಎದ್ದು ಮೊದಲು ಮಾಡೋ ಕೆಲಸಗಳಲ್ಲಿ ಟೀ ಒಂದು. ಪಾಟಿನೊಳಗೆ ಒಂದು ವೈರ್‌ಲೆಸ್ ಸಾಧನ ಇಟ್ರು. 2001ರಲ್ಲಿ ಐ-ಪಾಟ್ ಅನ್ನೋ ಹೆಸರಿನಲ್ಲಿ ಸೇವೆ ಶುರುವಾಯ್ತು. ಸ್ವಿಚ್ ಹಾಕಿದ್ರು, ನೀರು ಬಗ್ಗಿಸಿದ್ರು ಅನ್ನೋದೆಲ್ಲ ದಾಖಲಾಗಿ, ದಿನಕ್ಕೆ ಎರಡು ಸಲ ಮಗನಿಗೋ ಮಗಳಿಗೋ ಇಮೇಲ್ ಹೋಗುತ್ತೆ. ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಅಮ್ಮ ಟೀ ಕುಡಿದ್ರು, ಅಷ್ಟೇ.

ಪಾಟಿನಲ್ಲಿ ಇನ್ನೊಂದು ಗುಂಡಿಯೂ ಇತ್ತು: ‘ಹೊರಗೆ ಹೋಗ್ತಿದೀನಿ.’ ಮನೆ ಬಿಡುವಾಗ ಒತ್ತಿ ಹೋದ್ರೆ, ಟೀ ಮಾಡದಿದ್ದಕ್ಕೆ ಕಾರಣ ದೂರದಲ್ಲಿರೋರಿಗೆ ಗೊತ್ತಾಗುತ್ತೆ. ಮೊದಲು ಹೇಳಿದೆನಲ್ಲ, ಮೌನದ ಕಾರಣ ತಿಳಿಯೋದು ಅಂತ. ಆ ಕೆಲಸಕ್ಕೆ ಅಂತಲೇ ಒಂದು ಗುಂಡಿ ಕೊಟ್ಟ ಈ ಪಾತ್ರೆ ನನಗೆ ಇಡೀ ಇತಿಹಾಸದಲ್ಲಿ ಅಚ್ಚುಮೆಚ್ಚು.

ಎಪಿಐ ಅಂದ್ರೆ ಕೌಂಟರ್

ಇಲ್ಲಿವರೆಗೆ ಪಾತ್ರೆಯ ಸುದ್ದಿ ಪಾತ್ರೆ ಕಂಪನಿಗೆ, ಬಟನ್ನಿನ ಸುದ್ದಿ ಬಟನ್ ಕಂಪನಿಗೆ. ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡೋ ದಾರಿ ತೆರೆದಿದ್ದು ವೆಬ್ ಎಪಿಐ.

2000ನೇ ಇಸವಿಯಲ್ಲಿ ರಾಯ್ ಫೀಲ್ಡಿಂಗ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಪ್ರಬಂಧ ಬರೆದ್ರು. ವೆಬ್ ನಡೆಯೋ ಎಚ್‌ಟಿಟಿಪಿ ನಿಯಮಗಳನ್ನ ಬರೆದವರಲ್ಲಿ ಅವರೂ ಒಬ್ಬರು. ಪ್ರಬಂಧದಲ್ಲಿ ‘ರೆಸ್ಟ್’ ಅನ್ನೋ ವಿನ್ಯಾಸ ವಿವರಿಸಿದ್ರು. ಅದೇ ವರ್ಷ ಸೇಲ್ಸ್‌ಫೋರ್ಸ್, ಇಬೇ ಕಂಪನಿಗಳು ತಮ್ಮ ಎಪಿಐಗಳನ್ನ ಹೊರಗಿನವರಿಗೆ ತೆರೆದವು.

ಎಪಿಐ ಅಂದ್ರೆ ಏನು? ತಾಲ್ಲೂಕು ಕಚೇರಿಯ ಪಹಣಿ ಕೌಂಟರ್ ನೆನಪಿಸಿಕೊಳ್ಳಿ. ಒಳಗೆ ನುಗ್ಗಿ ಕಡತ ತೆಗೆಯೋ ಹಾಗಿಲ್ಲ. ಸರ್ವೆ ನಂಬರ್ ಹೇಳಬೇಕು, ಶುಲ್ಕ ಕಟ್ಟಬೇಕು, ಪ್ರತಿ ಕೈಗೆ ಬರುತ್ತೆ. ವೆಬ್ ಎಪಿಐ ಕೂಡ ಹಾಗೇ. ನಮ್ಮ ಆಪ್ ಒಂದು ವಿಳಾಸಕ್ಕೆ ‘ಗೆಟ್’ ಅಂತ ಕೇಳುತ್ತೆ, ತನ್ನ ಗುರುತಿನ ಕೀ ತೋರಿಸುತ್ತೆ. ಆ ಕಡೆ ಸರ್ವರ್ ಉತ್ತರ ಕೊಡುತ್ತೆ: ಅಡುಗೆಮನೆ ಸೆನ್ಸರ್, ಕೊನೆಯ ಚಲನೆ ಬೆಳಿಗ್ಗೆ 6.40, ಬ್ಯಾಟರಿ ಇಷ್ಟು. ಮನೆಯ ಸೆನ್ಸರ್ ತನ್ನ ಸುದ್ದಿ ಸರ್ವರಿಗೆ ಕಳಿಸೋದು ಸಾಮಾನ್ಯವಾಗಿ ‘ಪೋಸ್ಟ್’ ಅನ್ನೋ ಇನ್ನೊಂದು ಕ್ರಿಯೆಯಿಂದ.

ಎಡವಟ್ಟು ಇರೋದು ಇಲ್ಲೇ. ಪಹಣಿಯಲ್ಲಿ ರಾಗಿ ಅಂತ ಬರೆದಿರುತ್ತೆ, ಹೊಲದಲ್ಲಿ ಇವತ್ತು ಏನಿದೆ ಅನ್ನೋದು ಬೇರೆ ಮಾತು. ಕೌಂಟರಿನಲ್ಲಿ ಸಿಗೋದು ಕೊನೆಯ ಸಲ ಬರೆದಿಟ್ಟಿದ್ದು. ಎಪಿಐ ಉತ್ತರದ ಜೊತೆಗೆ ಒಂದು ಸಂಖ್ಯೆ ಬರುತ್ತೆ, 200, ಅಂದ್ರೆ ಓಕೆ. ‘ನೀನು ಕೇಳಿದ್ದು ಅರ್ಥವಾಯ್ತು, ನನ್ನತ್ರ ಇರೋದನ್ನ ಕೊಟ್ಟಿದೀನಿ’ ಅಂತ ಅದರ ಅರ್ಥ. ಮನೆಯ ಸೆನ್ಸರ್ ಮೊನ್ನೆ ರಾತ್ರಿಯೇ ಸತ್ತಿದ್ರೂ ಸರ್ವರ್ ಖುಷಿಯಾಗಿ 200 ಓಕೆ ಅನ್ನುತ್ತೆ, ಮೊನ್ನೆಯ ದಾಖಲೆ ಕೊಡುತ್ತೆ. ಆಪ್ ಬರೆದವರು ಆ ದಾಖಲೆಯ ಸಮಯ ನೋಡದೆ ಬರೀ 200 ನೋಡಿ ಹಸಿರು ಚುಕ್ಕೆ ಹಾಕಿದ್ರೆ, ನಾವು ನೋಡ್ತಿರೋದು ಸರ್ವರಿನ ಆರೋಗ್ಯ. ಅಮ್ಮನದ್ದಲ್ಲ.

ಪದೇ ಪದೇ ಹೋಗಿ ಕೇಳೋ ಬದಲು, ಏನಾದ್ರೂ ಆದಾಗ ಸರ್ವರೇ ನಮಗೆ ಹೇಳಲಿ ಅನ್ನೋ ದಾರಿಯೂ ಬಂತು. 2007ರಲ್ಲಿ ಜೆಫ್ ಲಿಂಡ್ಸೆ ಅನ್ನೋ ಪ್ರೋಗ್ರಾಮರ್ ಇದಕ್ಕೆ ‘ವೆಬ್‌ಹುಕ್’ ಅಂತ ಹೆಸರಿಟ್ರು. ಬಾಗಿಲು ತೆರೆದ ತಕ್ಷಣ ನಮ್ಮ ಆಪಿಗೆ ಸುದ್ದಿ. ಇದರಲ್ಲೂ ಹಳೇ ಪ್ರಶ್ನೆ ಹಾಗೇ ಉಳೀತು. ಸುದ್ದಿ ಬರಲಿಲ್ಲ ಅಂದ್ರೆ ಏನೂ ಆಗಿಲ್ಲ ಅಂತಲಾ, ಹೇಳಬೇಕಾದ ಯಂತ್ರವೇ ಸತ್ತಿದೆ ಅಂತಲಾ? ನಮ್ಮೂರಲ್ಲಿ ಕರೆಂಟ್ ಹೋಗುತ್ತೆ, ಅದರ ಜೊತೆ ವೈಫೈ ಹೋಗುತ್ತೆ. ದೂರದ ಸರ್ವರಿಗೆ ಕರೆಂಟ್ ಹೋದ ಮನೆಯೂ, ಅಮ್ಮ ಬಿದ್ದಿರೋ ಮನೆಯೂ ಒಂದೇ ಥರ ಕಾಣುತ್ತೆ.

ಅದಕ್ಕೇ ಒಳ್ಳೆ ವ್ಯವಸ್ಥೆಗಳಲ್ಲಿ ‘ಹಾರ್ಟ್‌ಬೀಟ್’ ಇರುತ್ತೆ. ಏನೂ ಆಗದಿದ್ರೂ ಪೆಟ್ಟಿಗೆ ಕೆಲವು ನಿಮಿಷಕ್ಕೊಮ್ಮೆ ‘ನಾನಿದೀನಿ’ ಅಂತ ಹೇಳ್ತಾ ಇರಬೇಕು. ಹೇಳೋದು ನಿಂತ್ರೆ ಸರ್ವರ್ ಅದನ್ನೇ ಒಂದು ಸುದ್ದಿ ಅಂತ ತಗೋಬೇಕು. ಡಿಬ್ನರ್ ಅವರ ಟೈಮರ್ ಹೊಸ ಬಟ್ಟೆ ಹಾಕ್ಕೊಂಡು ವಾಪಸ್ ಬಂದ ಹಾಗೆ.

ಕೌಂಟರ್ ಮುಚ್ಚಿದ ದಿನ

ಎಪಿಐ ಕೊಟ್ಟ ಕಂಪನಿಯೇ ಕೌಂಟರ್ ಮುಚ್ಚಿದ್ರೆ? ಇದು ಊಹೆ ಅಲ್ಲ, ನಡೆದಿದೆ. ರಿವಾಲ್ವ್ ಅಂತ ಒಂದು ಸ್ಮಾರ್ಟ್ ಹೋಮ್ ಹಬ್ ಇತ್ತು, ಬೆಲೆ ಸುಮಾರು 300 ಡಾಲರ್. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಅದನ್ನ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ಆಫ್ ಮಾಡಿತು. ಜನರ ಮನೆಯಲ್ಲಿದ್ದ ಪೆಟ್ಟಿಗೆ ಕೆಟ್ಟಿರಲಿಲ್ಲ. ಆದರೂ ಒಂದೇ ದಿನಕ್ಕೆ ಕೆಲಸಕ್ಕೆ ಬಾರದ ಪ್ಲಾಸ್ಟಿಕ್ ಆಯ್ತು.

ನೆಸ್ಟ್‌ನ ಸ್ವಂತ ಎಪಿಐ ಕಥೆಯೂ ಇಂಥದ್ದೇ. 2014ರಲ್ಲಿ ಹೊರಗಿನ ಡೆವಲಪರ್‌ಗಳಿಗೆ ತೆರೆದದ್ದನ್ನ ಮುಚ್ಚುತ್ತೀವಿ ಅಂತ 2019ರಲ್ಲಿ ಹೇಳಿದ್ರು. ಪೂರ್ತಿ ಬಾಗಿಲು ಹಾಕಿದ್ದು 2023ರಲ್ಲಿ. ಮೈಕ್ರೋಸಾಫ್ಟ್ 2007ರಲ್ಲಿ ಶುರು ಮಾಡಿದ ಹೆಲ್ತ್‌ವಾಲ್ಟ್, ಅಂದ್ರೆ ಆರೋಗ್ಯ ದಾಖಲೆ ಇಡೋ ಸೇವೆ, 2019ರಲ್ಲಿ ನಿಂತಿತು. ಗೂಗಲ್ ಹೆಲ್ತ್ 2008ರಲ್ಲಿ ಬಂದು 2012ರ ಮೊದಲ ದಿನವೇ ನಿಂತಿತ್ತು. ಲೈಟು ಆನ್ ಮಾಡೋ ಆಪ್ ನಿಂತ್ರೆ ಎದ್ದು ಹೋಗಿ ಸ್ವಿಚ್ ಹಾಕಬಹುದು. ಅಜ್ಜಿ ಎದ್ದಿದ್ದಾರಾ ಅಂತ ಹೇಳೋ ಆಪ್ ಸದ್ದಿಲ್ಲದೆ ನಿಂತ್ರೆ?

‘ಯಾಕಿಲ್ಲ’ ಅನ್ನೋದಕ್ಕೂ ಒಂದು ಜಾಗ

ಒಂದೇ ಕಂಪನಿಯ ಕೌಂಟರಿಗೆ ಅಂಟಿಕೊಳ್ಳದೆ, ಎಲ್ಲರಿಗೂ ಸೇರಿದ ಭಾಷೆ ಬೇಕು ಅನ್ನೋ ಕೆಲಸ ಆಸ್ಪತ್ರೆಗಳ ಲೋಕದಲ್ಲಿ ನಡೀತಿತ್ತು. ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ 2011ರಲ್ಲಿ ಒಂದು ಹೊಸ ಮಾನದಂಡದ ಕರಡು ಮುಂದಿಟ್ರು. ಅದೇ ಇವತ್ತಿನ ಎಫ್‌ಎಚ್‌ಐಆರ್, ಕರೆಯೋದು ‘ಫೈರ್’ ಅಂತ. ವೆಬ್ ಎಪಿಐ ಥರಾನೇ ಕೇಳಬಹುದು, ಕಳಿಸಬಹುದು. ನಾಡಿಮಿಡಿತಕ್ಕೆ ಜಗತ್ತಿನಾದ್ಯಂತ ಒಂದೇ ಕೋಡ್, 8867-4. ಯಾರ ವಾಚು, ಯಾರ ಆಪ್ ಆದ್ರೂ ಅರ್ಥ ಒಂದೇ.

ಈ ಮಾನದಂಡದಲ್ಲಿ ಅಳತೆಯೊಂದನ್ನ ಬರೆಯೋ ನಮೂನೆಯಲ್ಲಿ ಅಳತೆ ತಗೊಂಡ ಹೊತ್ತಿಗೆ ಒಂದು ಜಾಗ, ಅದನ್ನ ಪ್ರಕಟಿಸಿದ ಹೊತ್ತಿಗೆ ಬೇರೆ ಜಾಗ. ಜೊತೆಗೆ ಇನ್ನೊಂದು ಕಾಲಂ: ಅಳತೆ ಇಲ್ಲದಿದ್ರೆ, ಯಾಕಿಲ್ಲ? ಜಪಾನಿನ ಪಾತ್ರೆಯ ಗುಂಡಿ ಮಾಡಿದ್ದೂ ಇದೇ ಕೆಲಸ. ಭಾರತದಲ್ಲಿ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೂಡ ದಾಖಲೆ ವಿನಿಮಯಕ್ಕೆ ಫೈರ್ ಮಾನದಂಡವನ್ನೇ ಆರಿಸಿಕೊಂಡಿದೆ. ನಮ್ಮ 14 ಅಂಕಿಯ ಆಭಾ ಸಂಖ್ಯೆ ಅದರದ್ದೇ ಭಾಗ. ದಾಖಲೆ ಹಂಚೋಕೆ ಯಾರದ್ದೋ ಅವರ ಒಪ್ಪಿಗೆ ಬೇಕು ಅನ್ನೋದು ಅಲ್ಲಿನ ನಿಯಮ. ಮನೆಗೆ ಸೆನ್ಸರ್ ಹಾಕುವಾಗ ನಾವೂ ಆ ನಿಯಮ ಪಾಲಿಸಬೇಕು. ‘ಅಮ್ಮಾ, ಇದು ನಿಂಗೆ ಓಕೆನಾ?’ ಅಂತ ಕೇಳದೆ ಬಚ್ಚಲ ಬಾಗಿಲಿಗೆ ಯಂತ್ರ ಅಂಟಿಸೋದು ಕಾಳಜಿ ಅನ್ನಿಸ್ಕೊಳ್ಳಲ್ಲ.

ಬ್ರಿಟನ್ ಕಲಿಸಿದ ಪಾಠ

ಹಳೇ ಯಂತ್ರ ತೆಗೆದು ಹೊಸದು ಹಾಕೋದೂ ಅಪಾಯವೇ. ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಜನ ಟೆಲಿಕೇರ್ ಬಳಸ್ತಾರೆ, ಕುತ್ತಿಗೆಯ ಬಟನ್ ಥರದ ಸಾಧನಗಳು. ಬಹಳಷ್ಟು ಕೆಲಸ ಮಾಡ್ತಿದ್ದದ್ದು ಹಳೇ ತಾಮ್ರದ ಫೋನ್ ತಂತಿ ಮೇಲೆ. ಆ ತಂತಿಗೆ ವಿದ್ಯುತ್ ಬರೋದು ಟೆಲಿಫೋನ್ ಎಕ್ಸ್‌ಚೇಂಜಿನಿಂದ. ಮನೆಯಲ್ಲಿ ಕರೆಂಟ್ ಹೋದ್ರೂ ಫೋನ್ ಸಾಯಲ್ಲ. ಡಿಜಿಟಲ್ ಲೈನಿಗೆ ಬದಲಾಯಿಸಿದಾಗ ಫೋನ್ ಹೋಗೋದು ಮನೆಯ ರೂಟರ್ ಮೂಲಕ. ಕರೆಂಟ್ ಹೋದ್ರೆ ಅದೂ ಹೋಯ್ತು.

ಬದಲಾವಣೆ ನಡೀತಿದ್ದಾಗ ಕೆಲವರ ಟೆಲಿಕೇರ್ ಸಾಧನ ಕೆಲಸ ಮಾಡದೆ ಗಂಭೀರ ಘಟನೆಗಳಾದವು. 2023ರ ಡಿಸೆಂಬರಿನಲ್ಲಿ ಸರ್ಕಾರ ಫೋನ್ ಕಂಪನಿಗಳನ್ನ ಕರೆಸಿ, ಒತ್ತಾಯದ ಬದಲಾವಣೆ ನಿಲ್ಲಿಸಿ, ಮೊದಲು ಇವರ ಸುರಕ್ಷತೆ ನೋಡಿ ಅಂತ ಒಪ್ಪಿಸಿತು. 2025ರ ಕೊನೆಗೆ ಮುಗೀಬೇಕಿದ್ದ ಕೆಲಸದ ಗಡುವು 2027ರ ಜನವರಿಗೆ ಹೋಯ್ತು.

ನಮ್ಮ ಕಡೆಯ ಕೊನೆಯ ಹೆಜ್ಜೆ

ಕೋವಿಡ್ ಕಾಲದಲ್ಲಿ ನಾವೆಲ್ಲ ಮನೆ ಮಾನಿಟರಿಂಗ್ ಮಾಡಿದೀವಿ, ಎಪಿಐ ಇಲ್ಲದೇನೇ. 2020ರ ಏಪ್ರಿಲಿನಲ್ಲಿ ಕರ್ನಾಟಕದಲ್ಲಿ ಆಪ್ತಮಿತ್ರ ಸಹಾಯವಾಣಿ ಬಂತು, ನಂಬರ್ 14410. ಮನೆಯಲ್ಲೇ ಇದ್ದ ಸೋಂಕಿತರು ಬೆರಳಿಗೆ ಆಕ್ಸಿಮೀಟರ್ ಹಾಕಿ ಅಂಕಿ ಓದಿ ಡಾಕ್ಟರಿಗೋ ಮಕ್ಕಳಿಗೋ ಫೋನಲ್ಲಿ ಹೇಳ್ತಿದ್ರು, ವಾಟ್ಸಾಪಲ್ಲಿ ಫೋಟೋ ಹಾಕ್ತಿದ್ರು. ಅಂಕಿ ಕಡಿಮೆ ಬಂದ್ರೆ ಆ ಕಡೆಯವರು ‘ಕೈ ತಣ್ಣಗಿದೆಯಾ? ಉಗುರಿಗೆ ಬಣ್ಣ ಹಚ್ಚಿದೀರಾ? ಇನ್ನೊಂದು ಬೆರಳಿಗೆ ಹಾಕಿ ನೋಡಿ’ ಅನ್ನಬಹುದಿತ್ತು. ಒಂದು ಅಂಕಿ ಬಂದಾಗ ಅದನ್ನ ಅನುಮಾನಿಸಿ ಮರುಪ್ರಶ್ನೆ ಹಾಕೋದು ಯಂತ್ರಕ್ಕೆ ತಾನಾಗಿ ಬರಲ್ಲ, ಯಾರಾದ್ರೂ ಯೋಚಿಸಿ ಕಲಿಸಬೇಕು.

ಹಾಗಾಗಿ ಅಪ್ಪ ಅಮ್ಮನಿಗೆ ಇಂಥ ವ್ಯವಸ್ಥೆ ಹಾಕಿಸೋಕೆ ಹೊರಟಿದ್ರೆ, ಅಥವಾ ನೀವೇ ಕೋಡ್ ಬರೆದು ಕಟ್ಟೋರಾಗಿದ್ರೆ, ಐವತ್ತು ವರ್ಷದ ಈ ಕಥೆಯಿಂದ ನಾಲ್ಕು ಪ್ರಶ್ನೆ ಎತ್ತಿಕೊಂಡು ಹೋಗಿ. ಒಂದು, ಸೆನ್ಸರ್ ಸತ್ತರೆ, ಕರೆಂಟ್ ಹೋದರೆ ನನ್ನ ಫೋನಿನ ಹಸಿರು ಚುಕ್ಕೆ ಬಣ್ಣ ಬದಲಾಯಿಸುತ್ತಾ? ಅಂಗಡಿಯವರ ಮಾತು ಬೇಡ, ಒಂದು ಸಲ ರೂಟರ್ ಆಫ್ ಮಾಡಿ ಕಾದು ನೋಡಿ. ಎರಡು, ಪರದೆ ಮೇಲೆ ಅಳತೆಯ ಜೊತೆ ಅದನ್ನ ತಗೊಂಡ ಹೊತ್ತೂ ಕಾಣುತ್ತಾ? ಮೂರು, ಕಂಪನಿ ನಾಳೆ ಸರ್ವರ್ ಮುಚ್ಚಿದ್ರೆ ಮನೆಯೊಳಗೆ ಕನಿಷ್ಠ ಒಂದು ಅಲಾರಂ ಆದ್ರೂ ಹೊಡ್ಕೊಳ್ಳುತ್ತಾ?

ನಾಲ್ಕನೆಯದು ಯಾವ ಎಪಿಐಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ: ಎಚ್ಚರಿಕೆ ಬಂದಾಗ ಐದು ನಿಮಿಷದಲ್ಲಿ ಆ ಬಾಗಿಲಿಗೆ ಹೋಗೋರು ಯಾರು, ಕೀ ಯಾರತ್ರ ಇದೆ? ಆಂಬುಲೆನ್ಸಿಗೆ 108 ಇದೆ. ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಅವೆರಡರ ಜೊತೆ ಊರಿನ ಎದುರು ಮನೆಯವರ ನಂಬರೂ ನಿಮ್ಮ ಫೋನಲ್ಲಿರಲಿ. ಬರೀ ಸೇವ್ ಮಾಡಿದ್ರೆ ಸಾಲದು, ಆಗಾಗ ‘ಹೇಗಿದೀರಾ ಆಂಟಿ’ ಅಂತ ಫೋನೂ ಮಾಡಿ. ವರ್ಷಗಟ್ಟಲೆ ಮಾತೇ ಆಡದೆ ಒಂದಿನ ರಾತ್ರಿ ಎರಡು ಗಂಟೆಗೆ ಎಬ್ಬಿಸೋದು ನಮಗೂ ಸಂಕೋಚ, ಅವರಿಗೂ ಗಾಬರಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಇಂಥ ವ್ಯವಸ್ಥೆ ಇದ್ರೆ ಅದು ಯಾವಾಗ ಕೆಲಸಕ್ಕೆ ಬಂತು, ಯಾವಾಗ ಕೈಕೊಟ್ಟಿತು ಅಂತ ನಮಗೆ ಬರೆದು ತಿಳಿಸಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ.